ಕಿಂಡಿಯಲ್ಲಿ ಬಂದ ಬಿಂಬ

ನವೆಂಬರ್ 10, 2025, ಸೋಮವಾರ
ಇನ್ನಂಜೆ

ಯಾರಿಗೆ ಎಂದು ಮೇಲೆ ಬರೆಯದೆ ಶುರು ಮಾಡುವುದು ಹೇಗೆ ಎಂದು ಐದು ನಿಮಿಷ ಸುಮ್ಮನೆ ಕೂತೆ. ನನಗೆ ಕಾಗದ ಬರೆದು ಅಭ್ಯಾಸ. ಒಂದು ಕಾಲದಲ್ಲಿ ಬೊಂಬಾಯಿಯ ಹೋಟೆಲುಗಳಲ್ಲಿದ್ದ ಗಂಡಂದಿರಿಗೆ ಈ ಓಣಿಯ ಹೆಂಗಸರ ಕಾಗದಗಳನ್ನೆಲ್ಲ ನಾನೇ ಬರೆದದ್ದು. ನನಗೋಸ್ಕರ ನಾನು ಬರೆದದ್ದು ಒಂದು ಸಾಲೂ ಇಲ್ಲ. ಓದಿದ್ದು ಐದನೇ ಕ್ಲಾಸು, ಉಳಿದದ್ದು ಸಾಮಾನು ಕಟ್ಟಿ ಬರುತ್ತಿದ್ದ ಪೇಪರಿನಿಂದ ಕಲಿತದ್ದು.

ಈ ಪುಸ್ತಕ ಮೊಮ್ಮಗಳು ಯಶ್ಮಿತಾ ಕೊಟ್ಟದ್ದು. ಮಗಳು ವಿಜೇತಾಳ ಮಗಳು. ಮಣಿಪಾಲದಲ್ಲಿ ಟೀಚರಿಕೆಯ ಕೋರ್ಸು ಮಾಡುತ್ತಿದ್ದಾಳೆ, ನಾಲ್ಕು ವರ್ಷದ್ದು, ಇದು ಮೂರನೆಯದು. ಈಗ ಆರು ವಾರ ಕಾಪುವಿನ ಒಂದು ಶಾಲೆಯಲ್ಲಿ ಆರು, ಏಳು, ಎಂಟನೇ ಕ್ಲಾಸಿನವರಿಗೆ ಪಾಠ ಮಾಡಬೇಕಂತೆ. ಅವಳ ಮನೆ ಕಾರ್ಕಳದಲ್ಲಿ, ಅಲ್ಲಿಂದ ದಿನಾ ಬರುವುದು ದೂರ ಎಂದು ನಿನ್ನೆ ಸಂಜೆ ಚೀಲ ಹಿಡಿದುಕೊಂಡು ಇಲ್ಲಿಗೇ ಬಂದಳು. ಪಾಠ ಮಾಡಿದ ಮೇಲೆ ದಿನಾ ಬರೆಯಲು ಕಾಲೇಜಿನವರು ಒಬ್ಬೊಬ್ಬರಿಗೆ ಒಂದು ಪುಸ್ತಕ ಕೊಟ್ಟಿದ್ದಾರೆ. ಇವಳ ಕೈಗೆ ತಪ್ಪಿ ಎರಡು ಬಂದಿದೆ. ಪ್ರತಿ ಪುಟದ ಕೆಳಗೆ ಎರಡು ಸಾಲು ಅಚ್ಚು ಹಾಕಿದ್ದುಂಟು. ‘ಎಲ್ಲಿ ಎಡವಿದೆ’ ಎಂದು ಒಂದು, ‘ನಾಳೆಗೆ ಪ್ರಶ್ನೆ’ ಎಂದು ಇನ್ನೊಂದು.

ಎಲ್ಲಿ ಎಡವಿದೆ: ಬಚ್ಚಲಿನ ಮೆಟ್ಟಿಲಲ್ಲಿ, ಬೆಳಿಗ್ಗೆ. ಕಣ್ಣು ಮಂಜು.
ನಾಳೆಗೆ ಪ್ರಶ್ನೆ: ಇಲ್ಲ.

ನವೆಂಬರ್ 12, ಬುಧವಾರ

ಈ ಹುಡುಗಿ ಏನೆಲ್ಲ ಓದುತ್ತಾಳೆ ಎಂದು ಕೇಳಿದರೆ ನನಗೆ ತಲೆ ತಿರುಗುತ್ತದೆ. ಕಾಲೇಜಿನಲ್ಲಿ ಬೆಳಿಗ್ಗೆ ಭೌತಶಾಸ್ತ್ರ, ಆಮೇಲೆ ಕನ್ನಡ, ಮಧ್ಯಾಹ್ನ ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ ಎಂದು ಒಂದು ಪಾಠ, ಸಂಜೆ ಚಿತ್ರ ಬಿಡಿಸುವುದು. ಎಲ್ಲ ಒಂದೇ ಡಿಗ್ರಿಯಲ್ಲಿ. ನಾನು ಕೇಳಿದ ಹಾಗೆ ಡಾಕ್ಟರು ಡಾಕ್ಟರಿಕೆ ಕಲಿಯುತ್ತಾನೆ, ಇಂಜಿನಿಯರು ಅವನದ್ದು. ಹನ್ನೆರಡು ವರ್ಷದ ಮಕ್ಕಳಿಗೆ ಹೇಳಿಕೊಡಲು ಇಷ್ಟೂ ಬೇಕು ಎಂದರೆ ಆ ಕೆಲಸ ಎಷ್ಟು ದೊಡ್ಡದಿರಬೇಕು.

ಅವಳ ಅಪ್ಪ ತಾರಾನಾಥನಿಗೆ ಹಾಗೆ ಕಾಣುವುದಿಲ್ಲ. ಕಾರ್ಕಳದಲ್ಲಿ ಅವನದ್ದು ಹಾರ್ಡ್‌ವೇರ್ ಅಂಗಡಿ. ಮಗಳನ್ನು ನಿಟ್ಟೆಯಲ್ಲಿ ಇಂಜಿನಿಯರಿಂಗ್‌ಗೆ ಸೇರಿಸಬೇಕೆಂದು ಇದ್ದವನು. ಇವತ್ತು ಫೋನಿನಲ್ಲಿ ನನಗೇ ಹೇಳಿದ, “ಎಲ್ಲ ಕಲಸಿದ್ದು ಎಂತದು ಮಾಮಿ ಅದು, ಸಮಾ ಒಂದಾದರೂ ಬರುತ್ತದಾ?” ನಾನು ಹೂಂ ಎಂದೆ. ಆಮೇಲೆ ಯಶ್ಮಿತಾ ಅಪ್ಪನದ್ದು ತಪ್ಪಲ್ವಾ ಅಜ್ಜಿ ಎಂದಳು. ಅದಕ್ಕೂ ಹೂಂ ಎಂದೆ.

ಸಂಜೆ ಚಾವಡಿಯಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ ಪಾಠ ಮಾಡಿದಳು. ಶಾಲೆಯಲ್ಲಿ ಮಾಡುವ ಮೊದಲು ಒಬ್ಬರ ಎದುರು ಮಾಡಿ ನೋಡಬೇಕಂತೆ. ಮನೆಯಲ್ಲಿ ನಮ್ಮದು ತುಳು. ಅವಳು ಎದ್ದು ನಿಂತು ಕನ್ನಡ ಶುರು ಮಾಡಿದ ಕೂಡಲೇ ನಾನು ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತೆ. ಬೆಳಕಿನ ಪಾಠ, ಏಳನೇ ಕ್ಲಾಸಿನದ್ದು. ಬೆಳಕಿನ ಋಜುರೇಖಾ ಸಂಚಲನ, ಸೂಜಿರಂಧ್ರ ಬಿಂಬಗ್ರಾಹಿ. ಎಂತಹ ಮಾತುಗಳು. ಆ ಮಾತು ನಮ್ಮ ಚಾವಡಿಯಲ್ಲಿ, ನಾನು ಎತ್ತಿ ಆಡಿಸಿದ ಮಗುವಿನ ಬಾಯಲ್ಲಿ.

ನಡುವೆ ನಡುವೆ ಅರ್ಥ ಆಯಿತಾ ಎಂದು ಕೇಳುತ್ತಿದ್ದಳು. ನಾನು ಪ್ರತಿ ಸಲವೂ ತಲೆಯಾಡಿಸಿದೆ. ಎಲ್ಲ ಆಯಿತೆಂದಲ್ಲ. ಮಗುವಿಗೆ ಧೈರ್ಯ ಬರಬೇಕು ಅಲ್ವಾ.

ನಾಳೆಗೆ ಪ್ರಶ್ನೆ: ಇಲ್ಲ.

ನವೆಂಬರ್ 17, ಸೋಮವಾರ

ಮಣಿಪಾಲದಲ್ಲಿ ಕಣ್ಣು ತೋರಿಸಿದೆ. ಪೊರೆ ಬಂದಿದೆಯಂತೆ. ಡಾಕ್ಟರಮ್ಮ ಚಿಕ್ಕ ಪ್ರಾಯದವರು, ಚಂದ ಮಾಡಿ ನಿಧಾನಕ್ಕೆ ಹೇಳಿದರು. ಎರಡು ಬಾಟಲಿ ಮದ್ದು, ಒಂದು ಇಷ್ಟು ಸಲ, ಇನ್ನೊಂದು ಅಷ್ಟು ಸಲ. ಅರ್ಥ ಆಯಿತಾ ಅಮ್ಮ ಎಂದು ಕೇಳಿದ್ದಕ್ಕೆ ಆಯಿತು ಡಾಕ್ಟ್ರೇ ಎಂದೆ. ಅಷ್ಟು ದೊಡ್ಡ ಕಟ್ಟಡದಲ್ಲಿ, ಅಷ್ಟು ಜನ ಹೊರಗೆ ಕಾಯುವಾಗ, ಬೇರೆ ಎಂತ ಹೇಳುವುದು? ಆಪರೇಷನ್ ಯಾವ ಕಣ್ಣಿಗೆ ಎಂದು ಮರೆತೇ ಬಂದೆ. ಮರೆತದ್ದಲ್ಲ. ಕೇಳಲಿಲ್ಲ.

ಈಗ ಎರಡೂ ಬಾಟಲಿಯಿಂದ ಮೂರು ಮೂರು ಸಲ ಬಿಡುತ್ತಿದ್ದೇನೆ. ಎರಡಕ್ಕೂ ಸಮ ಆಯಿತು.

ನವೆಂಬರ್ 20, ಗುರುವಾರ

ಯಶ್ಮಿತಾ ಬಸ್ಸಿಳಿದು ಬರುವಾಗಲೇ ಗೊತ್ತಾಯಿತು. ಚಪ್ಪಲಿ ಒಂದು ಅಲ್ಲಿ ಒಂದು ಇಲ್ಲಿ ಬಿಟ್ಟು ಸೀದಾ ಒಳಗೆ ಹೋದಳು. ತಿಂಡಿಗೆ ಅಕ್ಕಿಯ ಪುಂಡಿ ಮಾಡಿಟ್ಟಿದ್ದೆ, ಮುಟ್ಟಲಿಲ್ಲ.

ಒಂದು ಗಂಟೆ ಬಿಟ್ಟು ಹೇಳಿದಳು. ಇವತ್ತು ಪಾಠ ನೋಡಲು ಕಾಲೇಜಿನಿಂದ ರೇಚಲ್ ಮೇಡಂ ಬಂದಿದ್ದರು. ಇವಳು ಬೆಳಕಿನ ಪಾಠ ಮಾಡಿದಳು, ಇಲ್ಲಿ ಮಾಡಿದ ಹಾಗೆಯೇ, ಒಂದು ಮಾತು ತಪ್ಪದೆ. ಅರ್ಥ ಆಯಿತಾ ಎಂದಾಗಲೆಲ್ಲ ಮೂವತ್ತೊಂದು ಮಕ್ಕಳೂ ತಲೆಯಾಡಿಸಿದರು. ಕೊನೆಗೆ ಮೇಡಂ ಹಿಂದಿನಿಂದ ಎದ್ದು ಬಂದು ಒಂದೇ ಪ್ರಶ್ನೆ ಕೇಳಿದರಂತೆ, ಬಿಂಬ ಎಂದರೆ ಎಂತ ಮಕ್ಕಳೇ ಎಂದು. ಮುಂದಿನ ಬೆಂಚಿನ ಮೋಕ್ಷಾ ಎಂಬ ಹುಡುಗಿ ಮಾತ್ರ ಮೆಲ್ಲಗೆ ಹೇಳಿದಳು, “ದೇವರು.” ಕ್ಲಾಸಿಗೆ ಕ್ಲಾಸೇ ನಕ್ಕಿತು. ಆ ಹುಡುಗಿ ಡೆಸ್ಕಿಗೆ ತಲೆ ಇಟ್ಟುಬಿಟ್ಟಳಂತೆ.

ಮೇಡಂ ಬರೆದುಕೊಟ್ಟ ಹಾಳೆ ತೋರಿಸಿದಳು. ಕನ್ನಡಕ ಹಾಕಿ ಓದಿದೆ. ‘ಮಕ್ಕಳು ತಲೆಯಾಡಿಸಿದರು. ಶಿಕ್ಷಕಿ ನಂಬಿದರು. ಪಾಠ ಮತ್ತೊಮ್ಮೆ ಮಾಡಬೇಕು.’

ಎರಡನೇ ಸಲವೂ ಆಗದಿದ್ದರೆ ಈ ವರ್ಷ ಹೋಯಿತು. ಡಿಸೆಂಬರ್ ಹನ್ನೊಂದಕ್ಕೆ ಮೇಡಂ ಮತ್ತೆ ಬರುತ್ತಾರೆ. ಯಶ್ಮಿತಾ ಕಣ್ಣೊರೆಸಿಕೊಂಡು ಹೇಳಿದಳು, “ಅಜ್ಜಿ, ನಿಮಗೆ ಅರ್ಥ ಆಗಿತ್ತಲ್ಲ. ಹಾಗಾದರೆ ಅವರಿಗೆ ಯಾಕೆ ಆಗಲಿಲ್ಲ?”

ನಾನು ಗಂಜಿಗೆ ನೀರಿಡುವ ನೆಪದಲ್ಲಿ ಒಳಗೆ ಹೋದೆ.

ನವೆಂಬರ್ 21, ಶುಕ್ರವಾರ

ಬಿಂಬ ಎಂದರೆ ನಾನೂ ದೇವರೆಂದೇ ತಿಳಿದದ್ದು. ಗರ್ಭಗುಡಿಯೊಳಗೆ ಇರುವುದು. ಇಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಹೇಳಿಯಾರು.

ನವೆಂಬರ್ 23, ಆದಿತ್ಯವಾರ

ತಾರಾನಾಥ ತನ್ನ ಓಮ್ನಿಯಲ್ಲಿ ಬಂದಿದ್ದ. ವಿಷಯ ತಿಳಿದಿದೆ. ಸಿಟ್ಟು ಮಾಡಲಿಲ್ಲ, ಅದೇ ಕಷ್ಟ. ಮಗಳ ಹತ್ತಿರ ಮೆಲ್ಲಗೆ ಹೇಳಿದ, ಇನ್ನೊಮ್ಮೆ ನೋಡು, ಆಗದಿದ್ದರೆ ವರ್ಷ ಹಾಳು ಮಾಡುವುದು ಬೇಡ, ಅಂಗಡಿಗೆ ಬಾ, ನಿನ್ನ ಅಂಗಡಿ ಅಲ್ವಾ ಅದು. ಅವಳು ತಲೆಯಾಡಿಸಿದಳು. ಆ ತಲೆಯಾಡಿಸುವುದನ್ನು ನಾನು ಗುರುತು ಹಿಡಿದೆ. ನನ್ನದೇ ಅದು. ನನ್ನಿಂದ ವಿಜೇತಾಳಿಗೆ, ಅವಳಿಂದ ಇವಳಿಗೆ.

ಅವನು ಹೋದ ಮೇಲೆ ಪಕ್ಕದ ಮನೆಯ ಬರ್ತಾ ಬಾಯಿ ಬಂದರು, ಮಲ್ಲಿಗೆ ಕಟ್ಟುವ ಬಾಳೆನಾರು ತೆಗೆದುಕೊಂಡು. ಶಂಕರಪುರದ ಕಡೆಯ ಮಲ್ಲಿಗೆ ಅವರದ್ದು, ಗಿಡ ನನಗೂ ಕೊಟ್ಟಿದ್ದರು. ಇಬ್ಬರೂ ಕೂತು ಹೂ ಕಟ್ಟುತ್ತಾ ಎಲ್ಲ ಹೇಳಿದೆ, ನಾನು ಪಾಠಕ್ಕೆ ಸುಮ್ಮನೆ ತಲೆಯಾಡಿಸಿದ್ದೂ ಸೇರಿ. ಹೂ ಕಟ್ಟುವ ಕೈ ನಿಲ್ಲಿಸದೆ ಬರ್ತಾ ಬಾಯಿ ಹೇಳಿದರು, “ಗುಣವತಿ ಅಕ್ಕ, ನೀವು ತಲೆಯಾಡಿಸಿದ್ದರಿಂದ ನಾನು ಕೊಟ್ಟ ಎರಡು ಮಲ್ಲಿಗೆ ಗಿಡ ಸತ್ತಿದೆ. ಗಿಡದ ಗೆಲ್ಲನ್ನು ಎಲ್ಲಿ ಕತ್ತರಿಸಬೇಕು ಎಂದು ಮೂರು ಸಲ ಹೇಳಿಕೊಟ್ಟಿದ್ದೆ. ಮೂರು ಸಲವೂ ಗೊತ್ತಾಯಿತು ಬಾಯಿ ಎಂದಿರಿ.”

ನಗು ಬಂತು. ಆಮೇಲೆ ಬರಲಿಲ್ಲ.

ಸಂಜೆ ಯಶ್ಮಿತಾಳನ್ನು ಕರೆದು ಮಣೆಯ ಮೇಲೆ ಕೂರಿಸಿ ನಾನು ನಿಂತುಕೊಂಡೇ ಹೇಳಿದೆ. “ಮಗಾ, ಅವತ್ತು ನನಗೆ ಒಂದು ಅಕ್ಷರ ಅರ್ಥ ಆಗಲಿಲ್ಲ. ಸುಳ್ಳು ಹೇಳಿದ್ದು.”

ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಒಳಗಿನಿಂದ ಪುಸ್ತಕ ತಂದು, “ಎಲ್ಲಿಂದ ಅರ್ಥ ಆಗಲಿಲ್ಲ?” ಎಂದಳು. ಮೊದಲಿನಿಂದ ಎಂದೆ.

ನವೆಂಬರ್ 26, ಬುಧವಾರ

ಮೂರು ದಿನದಿಂದ ಪಾಠ ನಡೆಯುತ್ತಿದೆ. ಅರ್ಥ ಆಗದ ಕಡೆ ನಾನು ಸೌಟಿನಿಂದ ಪಾತ್ರೆಗೆ ಬಡಿಯಬೇಕು ಎಂದು ಕರಾರು. ಮೊದಲ ದಿನ ಪಾತ್ರೆ ನಗ್ಗಿಹೋಯಿತು.

ರಂಧ್ರ ಎಂದಳು, ಬಡಿದೆ. ತೂತು ಅಜ್ಜಿ ಎಂದಳು. ತೂತು ಯಾಕೆ, ಕಿಂಡಿ ಎನ್ನು ಎಂದೆ. ಬಿಂಬ ಎಂದಳು, ಬಡಿದೆ. ಮೋಕ್ಷಾ ಹೇಳಿದ್ದು ತಪ್ಪಲ್ಲ ಎಂದು ವಾದ ಮಾಡಿದೆ. ಉಡುಪಿಯಲ್ಲಿ ಕೃಷ್ಣನನ್ನು ನೋಡುವುದು ಹೇಗೆ? ಒಂಬತ್ತು ಕಿಂಡಿಯಲ್ಲಿ. ಆಚೆ ಬಿಂಬ, ಈಚೆ ನಾವು. ಹಾಗಾದರೆ ಕಿಂಡಿಯ ವಿಷಯ ಹೇಳಿ ಬಿಂಬ ಎಂದರೆ ಮಗು ಇನ್ನೆಂತ ಹೇಳಬೇಕು? ಯಶ್ಮಿತಾ ಪೆನ್ನು ಬಾಯಲ್ಲಿ ಇಟ್ಟುಕೊಂಡು ಕೂತಳು. “ಅಲ್ಲಿ ನಾವು ಕಿಂಡಿಯಲ್ಲಿ ಬಿಂಬ ನೋಡುತ್ತೇವೆ,” ಎಂದಳು ಕೊನೆಗೆ, “ಇಲ್ಲಿ ಬಿಂಬವೇ ಕಿಂಡಿಯಲ್ಲಿ ಒಳಗೆ ಬರುತ್ತದೆ.” ಇದು ನನಗೆ ಸೌಟಿಲ್ಲದೆ ಅರ್ಥ ಆಯಿತು.

ಆಗಲೇ ನನ್ನ ಬಾಯಿಂದ ಒಂದು ಪ್ರಶ್ನೆ ಬಂತು. ಎಲ್ಲಿತ್ತೋ ಗೊತ್ತಿಲ್ಲ. ಚಾವಡಿಯ ಮಾಡಿನಲ್ಲಿ ಒಂದು ಹೆಂಚಿನ ಮೂಲೆ ಒಡೆದು ಮೂರು ಕೋನದ ಕಿಂಡಿ ಆಗಿದೆ. ಬೇರೆ ಕಡೆಯೂ ಹೆಂಚುಗಳ ಸಂದಿನಲ್ಲಿ ಸಣ್ಣ ಸಣ್ಣ ಬಿರುಕು. ಆದರೆ ನೆಲದ ಮೇಲೆ ಬೀಳುವ ಬೆಳಕಿನ ಬೊಟ್ಟು ಮಾತ್ರ ಯಾವಾಗಲೂ ದುಂಡಗೆ. ಮದುವೆಯಾಗಿ ಬಂದಂದಿನಿಂದ ಹಿಡಿಸೂಡಿ ಹಿಡಿದು ಅದರ ಮೇಲೆಯೇ ಗುಡಿಸುತ್ತಿದ್ದೇನೆ. ಕಿಂಡಿ ಮುಕ್ಕೋನ, ಬೊಟ್ಟು ಯಾಕೆ ದುಂಡಗೆ?

ಯಶ್ಮಿತಾ ಮೇಲೆ ನೋಡಿದಳು, ಕೆಳಗೆ ನೋಡಿದಳು. “ಗೊತ್ತಿಲ್ಲ ಅಜ್ಜಿ,” ಎಂದಳು.

ನಾಳೆಗೆ ಪ್ರಶ್ನೆ: ಮೇಲೆ ಬರೆದದ್ದೇ.

ಡಿಸೆಂಬರ್ 2, ಮಂಗಳವಾರ

ಇವತ್ತು ಶಾಲೆಯಲ್ಲಿ ಮಧ್ಯಾಹ್ನದ ಮೇಲೆ ರಜೆ. ಎರಡು ಗಂಟೆಗೆ ಬಿಸಿಲು ಸಮಾ ಬೀಳುವಾಗ ಯಶ್ಮಿತಾ ಅಟ್ಟದ ಏಣಿ ಹತ್ತಿ ಆ ಹೆಂಚಿನ ಹತ್ತಿರ ಒಂದು ಬಿಳಿ ಹಾಳೆ ಹಿಡಿದಳು. ಹಾಳೆಯ ಮೇಲೆ ಬೆಳಕು ಮೂರು ಕೋನ, ಕಿಂಡಿ ಹೇಗೋ ಹಾಗೆ. ಹಾಳೆ ಹಿಡಿದುಕೊಂಡೇ ಒಂದೊಂದೇ ಮೆಟ್ಟಿಲು ಇಳಿದಳು. ಕೋನಗಳು ಮೆಲ್ಲಗೆ ಕರಗಿದವು. ನೆಲಕ್ಕೆ ಬರುವಾಗ ದುಂಡಗೆ. ನಾಲ್ಕು ಸಲ ಹತ್ತಿಸಿ ಇಳಿಸಿ ನೋಡಿದೆ. ಅವಳಿಗೆ ಕಾಲು ನೋವು ಬಂತು.

ಆಗ ನನಗೆ ನೆನಪಾಯಿತು. ಆರು ವರ್ಷದ ಹಿಂದೆ ಡಿಸೆಂಬರಿನಲ್ಲಿ ದೊಡ್ಡ ಸೂರ್ಯಗ್ರಹಣ ಆಗಿತ್ತಲ್ಲ, ಅವತ್ತು ಬಾಗಿಲು ಹಾಕಿ ನಾನೊಬ್ಬಳೇ ಚಾವಡಿಯಲ್ಲಿ ಕೂತಿದ್ದೆ. ನೆಲದ ಬೊಟ್ಟುಗಳೆಲ್ಲ ಒಂದೊಂದಾಗಿ ಕುಡುಗೋಲಿನ ಹಾಗೆ ಬಾಗಿದವು. ಎಲ್ಲವೂ ಒಂದೇ ಕಡೆಗೆ. ಹೆದರಿ ಕಣ್ಣು ಮುಚ್ಚಿದೆ. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಅಜ್ಜಿಗೆ ಕಣ್ಣು ಹೋಯಿತು ಎಂದಾರು ಎಂದು.

ಇದನ್ನು ಹೇಳುವಾಗ ಯಶ್ಮಿತಾ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಕೂತುಬಿಟ್ಟಳು. “ಅಜ್ಜಿ, ಅದು ಬೊಟ್ಟಲ್ಲ. ಸೂರ್ಯನ ಬಿಂಬ ಅದು. ಸೂರ್ಯ ದುಂಡಗಿದ್ದರೆ ದುಂಡಗೆ, ಗ್ರಹಣ ಹಿಡಿದರೆ ಹಾಗೆ.”

ನಾನು ನೆಲ ನೋಡಿದೆ. ಹದಿಮೂರು ಬೊಟ್ಟು ಇತ್ತು. ಹದಿಮೂರು ಸೂರ್ಯ, ಇನ್ನಂಜೆಯಲ್ಲಿ, ನಮ್ಮ ಚಾವಡಿಯಲ್ಲಿ, ನನ್ನ ಹಿಡಿಸೂಡಿಯ ಕೆಳಗೆ. ನಲವತ್ತೇಳು ವರ್ಷ. ಒಂದರ ಮೇಲೆ ಅಂಗೈ ಹಿಡಿದೆ. ಕೈಯಲ್ಲಿ ಕೂತಿತು. ಬಿಸಿಯೂ ಇಲ್ಲ. ಕಾಲು ತಾಗದ ಹಾಗೆ ಸುತ್ತು ಹಾಕಿ ಒಳಗೆ ಹೋದೆ. ಯಶ್ಮಿತಾ ನಗಲಿಲ್ಲ. ಅವಳೂ ಸುತ್ತು ಹಾಕಿಯೇ ಬಂದಳು.

ಡಿಸೆಂಬರ್ 9, ಮಂಗಳವಾರ

ಅವಳಿಗೆ ಈಗ ಇಡೀ ಕ್ಲಾಸಿನ ಕೋಣೆಯನ್ನೇ ಕತ್ತಲೆ ಮಾಡಿ ಒಂದೇ ಕಿಂಡಿ ಇಡಬೇಕಂತೆ. ಹೊರಗಿನದೆಲ್ಲ ಒಳಗೆ ಬರುತ್ತದಂತೆ. ನಂಬಿಕೆ ಬರಲಿಲ್ಲ, ಬರಲಿಲ್ಲ ಎಂದು ಹೇಳಿಯೇ ಹೇಳಿದೆ. ಕಪ್ಪು ಟಾರ್ಪಾಲು ಬೇಕು. ಅದು ಇರುವುದು ಅವಳ ಅಪ್ಪನ ಅಂಗಡಿಯಲ್ಲಿ. ಫೋನು ಮಾಡಲು ಅವಳಿಗೆ ಧೈರ್ಯ ಇಲ್ಲ, ನಾನು ಮಾಡಿದೆ. ಎಷ್ಟು ಉದ್ದ ಮಾಮಿ ಎಂದು ಮಾತ್ರ ಕೇಳಿದ.

ಬೆಳಕು ಬೀಳಿಸಲು ಬಿಳಿ ಬಟ್ಟೆಗೆ ಇವರ, ನನ್ನ ಯಜಮಾನರ, ಮುಂಡು ತೆಗೆದೆ. ತೀರಿಹೋಗಿ ಒಂಬತ್ತು ವರ್ಷ, ಮಡಿಕೆ ಬಿಡಿಸಿರಲಿಲ್ಲ. ನೀಲಿ ಹಾಕಿ ಒಗೆದು ಒಣಗಿಸಿದೆ. ಬರ್ತಾ ಬಾಯಿ ಬಾಳೆನಾರು ಗಂಟು ಹಾಕಿ ಹಾಕಿ ಉದ್ದ ಮಾಡಿ ಎರಡು ಉಂಡೆ ಕೊಟ್ಟಿದ್ದಾರೆ.

ಡಿಸೆಂಬರ್ 11, ಗುರುವಾರ

ನಿಧಾನಕ್ಕೆ ಬರೆಯುತ್ತೇನೆ, ಒಂದೂ ಬಿಡಬಾರದು.

ಮುಂಡು ಕಟ್ಟಲು ಸಹಾಯಕ್ಕೆ ಎಂದು ಹೆಡ್‌ಮಾಸ್ಟ್ರು ನನ್ನನ್ನು ಒಳಗೆ ಬಿಟ್ಟರು. ಆಮೇಲೆ ಏಳನೇ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂತೆ. ಐದರಿಂದ ನೇರ ಏಳಕ್ಕೆ. ಆರು ಬಾಕಿ ಉಂಟು. ನನ್ನ ಪಕ್ಕದಲ್ಲೇ ರೇಚಲ್ ಮೇಡಂ, ಕೈಯಲ್ಲಿ ಹಾಳೆ. ತಾರಾನಾಥ ಟಾರ್ಪಾಲು ಕಿಟಕಿಗಳಿಗೆ ಕಟ್ಟಿಕೊಟ್ಟು, ಮಗಳ ಮುಖ ನೋಡದೆ, ಹೊರಗೆ ಓಮ್ನಿಯ ಹತ್ತಿರ ನಿಂತ.

ಬಾಗಿಲು ಹಾಕಿದರು. ಕತ್ತಲೆ. ಎಂತದೂ ಕಾಣಲಿಲ್ಲ. ಮಕ್ಕಳು ಗುಸುಗುಸು ಎಂದರು. ಯಶ್ಮಿತಾ, ಕಣ್ಣಿಗೆ ಸ್ವಲ್ಪ ಸಮಯ ಕೊಡಿ ಎಂದಳು. ಆಮೇಲೆ ಇವರ ಮುಂಡಿನ ಮೇಲೆ ಮೆಲ್ಲಗೆ ಬಣ್ಣ ಬಂತು. ಕೆಳಗೆ ನೀಲಿ, ಅದು ಆಕಾಶ. ಮೇಲಿನಿಂದ ಇಳಿಬಿಟ್ಟ ಹಾಗೆ ಶಾಲೆಯ ತೆಂಗಿನ ಮರ, ಗರಿ ಅಲ್ಲಾಡುತ್ತಾ ಉಂಟು, ಜೀವ ಇದ್ದ ಹಾಗೆ. ಬಿಳಿ ಓಮ್ನಿ ಚಕ್ರ ಮೇಲೆ ಮಾಡಿ ನಿಂತಿದೆ. ಅದರ ಪಕ್ಕ ನನ್ನ ಅಳಿಯ ತಲೆಕೆಳಗಾಗಿ ನೇತಾಡುತ್ತಾ ಕಿವಿ ತುರಿಸುತ್ತಿದ್ದಾನೆ. ಮಕ್ಕಳು ಹೋ ಎಂದರು. ಮಂಜುಗಣ್ಣಿಗೂ ಅಷ್ಟು ಕಂಡಿತು. ಕರೆಂಟಿಲ್ಲ, ಯಂತ್ರ ಇಲ್ಲ, ಬರೇ ಒಂದು ಕಿಂಡಿ. ಲೋಕ ಯಾವಾಗಲೂ ಹೀಗೆ ಒಳಗೆ ಬರಲು ಕಾದು ನಿಂತಿರುತ್ತದಾ? ಯಾರಾದರೂ ಕತ್ತಲೆ ಮಾಡಿಕೊಟ್ಟರೆ ಸಾಕು ಎಂದು?

ಯಶ್ಮಿತಾ ಬಿಂಬದ ಮಾತು ಹೇಳಿದಳು. ಮೋಕ್ಷಾ ಅವತ್ತು ಹೇಳಿದ್ದರಿಂದಲೇ ಈ ಪಾಠ ಹುಟ್ಟಿತು ಎಂದೂ ಹೇಳಿದಳು, ಕೃಷ್ಣನ ಕಿಂಡಿಯ ವಿಷಯವೂ ಬಂತು. ಬೆಳಕು ನೇರ ಹೋಗುತ್ತದೆ, ಆದ್ದರಿಂದ ತಲೆಕೆಳಗು ಎಂದಳು. ಮೂವತ್ತೊಂದು ತಲೆ ಆಡಿತು. ಅವಳು ಈ ಸಲ ನಂಬಲಿಲ್ಲ. “ಯಾರಿಗೆ ಅರ್ಥ ಆಗಲಿಲ್ಲ?” ಎಂದು ಕೇಳಿದಳು.

ಒಂದು ಕೈಯೂ ಏಳಲಿಲ್ಲ. ಮುಂದಿನ ಬೆಂಚಿನ ಮೋಕ್ಷಾ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದಳಂತೆ, ಆಮೇಲೆ ಯಶ್ಮಿತಾ ಹೇಳಿದ್ದು. ಬಾಯಿ ಬಿಟ್ಟು ನಗಿಸಿಕೊಂಡವಳು ಮತ್ತೆ ಬಿಟ್ಟಾಳಾ? ಮೇಡಂ ಪೆನ್ನು ತೆಗೆದದ್ದು ಕೇಳಿತು. ನನಗೆ ನಿಜಕ್ಕೂ ಅರ್ಥ ಆಗಿರಲಿಲ್ಲ. ಮನೆಯಲ್ಲಿ ಸೂರ್ಯ ದುಂಡಗೆ, ತಲೆ ಯಾವುದು ಕಾಲು ಯಾವುದು ಗೊತ್ತಾಗುವುದಿಲ್ಲ. ಇಲ್ಲಿ ಮರ. ಕೇಳಬೇಕು. ಆದರೆ ಸ್ವಂತ ಅಜ್ಜಿಯೇ ಅರ್ಥ ಆಗಲಿಲ್ಲ ಎಂದರೆ ಪಾಠ ಸೋತಿತು ಎಂದು ಮೇಡಂ ಬರೆದಾರು. ಕೇಳದಿದ್ದರೆ ಮತ್ತೆ ಮೊದಲಿನದ್ದೇ ಬರೆದಾರು. ಕೈ ಬಹಳ ಭಾರ ಇತ್ತು.

ಎತ್ತಿದೆ. ಎದ್ದು ನಿಂತೇ ಹೇಳಿದೆ.

“ಟೀಚರ್, ನನಗೆ ಅರ್ಥ ಆಗಲಿಲ್ಲ. ನೇರ ಬಂದದ್ದು ತಲೆಕೆಳಗೆ ಯಾಕೆ ಆಯಿತು?”

ಯಾರೂ ನಗಲಿಲ್ಲ. ಮುಂದಿನಿಂದ ಸಣ್ಣ ಸ್ವರ ಬಂತು, ನನಗೂ ಎಂದು. ಮೋಕ್ಷಾ. ಆಮೇಲೆ ಕೈಗಳು. ಕತ್ತಲೆಯಲ್ಲಿ ಎಷ್ಟೆಂದು ಕಾಣಲಿಲ್ಲ, ಬಳೆ ಸದ್ದು ಕೇಳಿತು.

ಯಶ್ಮಿತಾ ಅದೇ ಮಾತನ್ನು ಗಟ್ಟಿಯಾಗಿ ಹೇಳಲಿಲ್ಲ. ಬಾಳೆನಾರಿನ ಉಂಡೆ ತೆಗೆದಳು. ಕಿಂಡಿಯಿಂದ ಎರಡು ನಾರು ಹೊರಗೆ ಬಿಟ್ಟು, “ಅಪ್ಪ, ಒಂದನ್ನು ತಲೆಗೆ ಹಿಡಿಯಿರಿ, ಒಂದನ್ನು ಕಾಲಿಗೆ ಕಟ್ಟಿ,” ಎಂದಳು. ಹಾರ್ಡ್‌ವೇರ್ ಅಂಗಡಿಯ ಧಣಿ ಶಾಲೆಯ ಅಂಗಳದಲ್ಲಿ ಬಗ್ಗಿ ಕಾಲಿಗೆ ನಾರು ಕಟ್ಟಿಕೊಂಡ. ಒಳಗಿನ ತುದಿಗಳನ್ನು ಮೋಕ್ಷಾಳ ಕೈಗೆ ಕೊಟ್ಟು, ನೇರ ಎಳೆ, ಬಗ್ಗಬಾರದು, ಎಲ್ಲಿ ಮುಟ್ಟುತ್ತದೋ ಹೇಳು ಎಂದಳು. ತಲೆಯ ನಾರು ಕಿಂಡಿಯಲ್ಲಿ ಕೆಳಗಿಳಿದು ಮುಂಡಿನ ಕೆಳಭಾಗಕ್ಕೆ ಮುಟ್ಟಿತು. ಕಾಲಿನದ್ದು ಮೇಲೆ ಹತ್ತಿ ಮೇಲೆ ಮುಟ್ಟಿತು. ಎರಡೂ ಕಿಂಡಿಯಲ್ಲಿ ಒಂದನ್ನೊಂದು ದಾಟಿದವು. ಮೋಕ್ಷಾ ಎರಡೂ ಕೈ ಅಗಲ ಮಾಡಿ ನಿಂತು, ಹೌದಲ್ಲ, ಬೇರೆ ದಾರಿಯೇ ಇಲ್ಲ ಟೀಚರ್ ಎಂದಳು. ನನಗೂ ಆಯಿತು. ನಿಜಕ್ಕೂ ಆಯಿತು.

ಗಂಟೆ ಹೊಡೆದ ಮೇಲೆ ತಾರಾನಾಥ ಒಳಗೆ ಬಂದ, ಕಾಲಲ್ಲಿ ಇನ್ನೂ ನಾರು. ಕಂಡಿತಾ ಎಂದು ಕೇಳಿದೆ. “ಇಲ್ಲ ಮಾಮಿ, ನಾನು ಹೊರಗಿದ್ದೆನಲ್ಲ.” ಮೋಕ್ಷಾ ತಾನಾಗಿಯೇ ಅಂಗಳಕ್ಕೆ ಓಡಿದಳು. ಯಶ್ಮಿತಾ ಬಾಗಿಲು ಹಾಕಿದಳು. ಮುಂದಿನ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಅಡ್ಡ ಕೂತು ಅವನು ಬಹಳ ಹೊತ್ತು ಮುಂಡು ನೋಡಿದ. ಅಲ್ಲಿ ಮೋಕ್ಷಾ ತಲೆಕೆಳಗಾಗಿ ಕೈ ಬೀಸುತ್ತಿದ್ದಳು. ಮಗಳು ಅರ್ಥ ಆಯಿತಾ ಎಂದು ಕೇಳಲಿಲ್ಲ. ಕಾದಳು.

“ಇಲ್ಲ ಮಗಾ,” ಎಂದ. “ಇನ್ನೊಮ್ಮೆ ಹೇಳು.”

ರೇಚಲ್ ಮೇಡಂ ಹಾಳೆ ಕೊಟ್ಟು ಹೋದರು. ‘ಶಿಕ್ಷಕಿ ಕಾದರು. ಪಾಠ ಆಯಿತು.’ ಅಷ್ಟೇ. ಟಾರ್ಪಾಲು ಬಿಚ್ಚುವಾಗ ತಾರಾನಾಥ, ಇದು ಶಾಲೆಯಲ್ಲೇ ಇರಲಿ, ನಿನಗೆ ಪುನಃ ಬೇಕಾಗುತ್ತದಲ್ಲ ಎಂದ. ಅಂಗಡಿಯ ಮಾತು ಎತ್ತಲಿಲ್ಲ.

ಡಿಸೆಂಬರ್ 15, ಸೋಮವಾರ

ಮಣಿಪಾಲ. ಜತೆಗೆ ಯಶ್ಮಿತಾ. ಡಾಕ್ಟರಮ್ಮ ಮದ್ದು ಹೇಗೆ ಬಿಡುತ್ತೀರಿ ಎಂದು ಕೇಳಿದರು, ಇದ್ದದ್ದು ಹೇಳಿದೆ. ಪುನಃ ಹೇಳಿಸಿಕೊಂಡೆ. ಬಾಟಲಿಗೆ ಚೀಟಿ ಅಂಟಿಸಿಕೊಂಡೆ. ಆಪರೇಷನ್ ಮೊದಲು ಬಲಗಣ್ಣಿಗೆ, ಜನವರಿಯಲ್ಲಿ. ಪೊರೆ ಇರುವುದು ಎಲ್ಲಿ ಎಂದು ಕೇಳಿದ್ದಕ್ಕೆ ಅವರು ಪ್ಲಾಸ್ಟಿಕ್ಕಿನ ದೊಡ್ಡ ಕಣ್ಣು ಬಿಚ್ಚಿ ತೋರಿಸಿದರು. ಮುಂದೆ ಒಂದು ಕಪ್ಪು ಕಿಂಡಿ. ಹಿಂದೆ ಒಂದು ಪರದೆ.

ನಾನು ಆ ಕಿಂಡಿಯ ಮೇಲೆ ಬೆರಳಿಟ್ಟೆ. “ಡಾಕ್ಟ್ರೇ,” ಎಂದೆ, “ಹಾಗಾದರೆ ಇಲ್ಲಿಯೂ ಬಿಂಬ ತಲೆಕೆಳಗಾಗಿಯೇ ಬೀಳುವುದಾ?”

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಹೌದು ಎಂದರು. ಎಲ್ಲರ ಕಣ್ಣಿನಲ್ಲಿಯೂ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಅರುವತ್ತಾರು ವರ್ಷದಿಂದ ಎಲ್ಲ ತಲೆಕೆಳಗಾಗಿಯೇ ಒಳಗೆ ಬಂದಿದೆ. ಇವರು, ವಿಜೇತಾ, ಗದ್ದೆ, ಕಡಲು, ಈ ಮಗು ಹುಟ್ಟಿದ ದಿನ ಕೈಗೆ ಬಂದದ್ದು. ಒಂದು ದಿನವೂ ಹಾಗೆ ಕಾಣಲಿಲ್ಲ. ಇನ್ನಂಜೆಯ ತಿರುವಿನಲ್ಲಿ ಯಶ್ಮಿತಾಳನ್ನು ಕೇಳಿದೆ. ಗೊತ್ತಿಲ್ಲ ಅಜ್ಜಿ, ಓದಿ ಹೇಳುತ್ತೇನೆ ಎಂದಳು, ಮತ್ತು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ನಾನು ನನ್ನದರಲ್ಲಿ.

ಎಲ್ಲಿ ಎಡವಿದೆ: ಇಲ್ಲ.
ನಾಳೆಗೆ ಪ್ರಶ್ನೆ: ಅದನ್ನು ನೇರ ಮಾಡಿ ತೋರಿಸುವವರು ಯಾರು?